ಓದುಗರ ಪ್ರಶ್ನೆ: ಗಾಯದ ಮಾಂಸಖಂಡಕ್ಕೆ ಮೆದು ರೋಬೋಟ್, ಎಷ್ಟು ಒತ್ತಬೇಕು, ಯಾವಾಗ ಒತ್ತಬೇಕು?

ಗಾಳಿ ತುಂಬಿದರೆ ಬಾಗುವ, ಬಿಟ್ಟರೆ ನೆಟ್ಟಗಾಗುವ ರಬ್ಬರ್ ಮೈಯ ‘ಸಾಫ್ಟ್ ರೋಬೋಟ್’ಗಳಿಂದ ಪೆಟ್ಟಾದ ಮಾಂಸಖಂಡ ಗುಣಪಡಿಸುವ ಪ್ರಯೋಗಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಚಿಕ್ಕ ಸುದ್ದಿಯೊಂದಿತ್ತು. ಅದನ್ನು ಓದಿ ಬಂದ ಪತ್ರಗಳಲ್ಲಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳವೇ ಹೆಚ್ಚು. ಆಯ್ದ ಕೆಲವಕ್ಕೆ ಪುನಶ್ಚೇತನ ವೈದ್ಯರೊಬ್ಬರು ಮತ್ತು ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಇಲಿಯ ಕಾಲಿಗೆ ರೋಬೋಟ್ ಮಾಲೀಸು ಮಾಡಿ ಗುಣಪಡಿಸಿದರು ಅಂತ ಬರೆದಿದ್ದೀರಿ. ನಮ್ಮ ಗರಡಿ ಮನೆಯಲ್ಲಿ ತಲೆತಲಾಂತರದಿಂದ ಎಣ್ಣೆ ಹಚ್ಚಿ ತಿಕ್ಕುತ್ತಲೇ ಇದ್ದೀವಿ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಹುಡುಗರ ತೊಡೆಗೆ ಪೆಟ್ಟಾದಾಗ ಆಗಿಂದಾಗಲೇ ತಿಕ್ಕಬಹುದಾ?
(ಗರಡಿ ಉಸ್ತಾದರು, ದಾವಣಗೆರೆ)

ಉತ್ತರ: ಉಸ್ತಾದರೇ, ಎರಡನೆಯದಕ್ಕೆ ಮೊದಲು ಉತ್ತರ: ಬೇಡ. ಎದುರಾಳಿಯ ಮಂಡಿ ಬಡಿದು ತೊಡೆಯೊಳಗೆ ರಕ್ತ ಕಟ್ಟಿಕೊಂಡಿದ್ದರೆ ಮೊದಲ 48ರಿಂದ 72 ಗಂಟೆ ತಿಕ್ಕುವುದು, ಶಾಖ ಕೊಡುವುದು, ಕಾಲು ಜಗ್ಗಿ ಸಡಿಲ ಮಾಡುವುದು ಮೂರೂ ಬೇಡ. ಒಡೆದ ಸಣ್ಣ ರಕ್ತನಾಳಗಳ ಬಾಯಿ ಆಗಷ್ಟೇ ಮುಚ್ಚಿಕೊಳ್ಳುತ್ತಿರುತ್ತದೆ. ತಿಕ್ಕಿದರೆ ಅದು ಮತ್ತೆ ತೆರೆದುಕೊಂಡು ಗಡ್ಡೆ ದೊಡ್ಡದಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ ಆ ಗಡ್ಡೆಯೊಳಗೆ ಮೂಳೆ ಬೆಳೆಯುವುದು. ವೈದ್ಯರು ಇದನ್ನು ಮಯೋಸೈಟಿಸ್ ಆಸಿಫಿಕನ್ಸ್ ಎನ್ನುತ್ತಾರೆ. ಮೂರು ನಾಲ್ಕು ವಾರದ ಮೇಲೆ ತೊಡೆಯಲ್ಲಿ ಕಲ್ಲಿನಂಥ ಗಂಟು ಕೈಗೆ ಸಿಗುತ್ತದೆ, ಮಂಡಿ ಪೂರ್ತಿ ಮಡಚಲು ಬರುವುದಿಲ್ಲ, ಎಕ್ಸ್‌ರೇಯಲ್ಲಿ ಬಿಳಿ ಮೋಡದಂತೆ ಕಾಣುತ್ತದೆ. ಬೈಠಕ್ ಹೊಡೆಯಬೇಕಾದ ಹುಡುಗನಿಗೆ ಆ ಹಂಗಾಮು ಮುಗಿದ ಹಾಗೆ.

ಆ ಹೊತ್ತಿನಲ್ಲಿ ಮಾಡಬೇಕಾದ್ದು ಇಷ್ಟು. ಬಟ್ಟೆಯಲ್ಲಿ ಸುತ್ತಿದ ಐಸ್ 15ರಿಂದ 20 ನಿಮಿಷ, ಎರಡು ಮೂರು ಗಂಟೆಗೊಮ್ಮೆ. ಕ್ರೇಪ್ ಬ್ಯಾಂಡೇಜನ್ನು ಬೆರಳು ತೂರುವಷ್ಟು ಸಡಿಲವಾಗಿ, ಕೆಳಗಿನಿಂದ ಮೇಲಕ್ಕೆ ಸುತ್ತುವುದು. ತೊಡೆಯ ಮುಂಭಾಗಕ್ಕೆ ಪೆಟ್ಟಾಗಿದ್ದರೆ ನೋವು ತಡೆಯುವ ಮಟ್ಟಿಗೆ ಮಂಡಿ ಮಡಚಿಟ್ಟುಕೊಳ್ಳುವುದು. ಕ್ರೀಡಾ ವೈದ್ಯರು ಮೊದಲ 24 ಗಂಟೆ ಸುಮಾರು 120 ಡಿಗ್ರಿ ಮಡಚಿ ಕಟ್ಟುವ ಕ್ರಮವೂ ಇದೆ. ಮಾಂಸಖಂಡ ಉದ್ದವಾಗಿಯೇ ಇರುವುದರಿಂದ ಒಳಗೆ ರಕ್ತ ಸೇರಲು ಜಾಗ ಕಡಿಮೆ, ಮುಂದೆ ಬಿಗಿಯೂ ಕಡಿಮೆ. ಪೆಟ್ಟಿಗೆ ತಕ್ಕದ್ದಲ್ಲದ ವಿಪರೀತ ನೋವು, ಕಾಲ್ಬೆರಳನ್ನು ಬೇರೆಯವರು ಎತ್ತಿದರೆ ಜೀವ ಹೋಗುವಂಥ ನೋವು, ಹಲಗೆಯಂತೆ ಬಿಗಿದ ಮೀನಖಂಡ, ಜೋಮು ಇವು ಕಂಡರೆ ಐಸ್ ಇಟ್ಟುಕೊಂಡು ಕೂರುವ ಮಾತಿಲ್ಲ, ನೇರ ಆಸ್ಪತ್ರೆಗೆ. ಒಳಗಿನ ಒತ್ತಡಕ್ಕೆ ರಕ್ತ ಓಡಾಟ ನಿಂತಿದ್ದರೆ ಆರು ಗಂಟೆಯ ಆಸುಪಾಸಿನಲ್ಲಿ ಮಾಂಸಖಂಡ ಸಾಯತೊಡಗುತ್ತದೆ. ಮೂತ್ರ ಕಡು ಚಹಾ ಬಣ್ಣಕ್ಕೆ ತಿರುಗಿದರೂ ಹಾಗೆಯೇ ಓಡಬೇಕು.

ಈಗ ಇಲಿಯ ವಿಷಯ. 2021ರಲ್ಲಿ ಹಾರ್ವರ್ಡ್‌ನ ವೀಸ್ ಸಂಸ್ಥೆಯ ಬೋ ರಿ ಸಿಯೋ, ಡೇವಿಡ್ ಮೂನಿ, ಕಾನರ್ ವಾಲ್ಷ್ ಮತ್ತಿತರರು ಇಲಿಗಳ ಹಿಂಗಾಲಿನ ಮಾಂಸಖಂಡಕ್ಕೆ ತೀವ್ರ ಗಾಯ ಮಾಡಿ, ಮೆದು ಸಿಲಿಕೋನ್ ತುದಿಯ ಪುಟ್ಟ ಯಂತ್ರದಿಂದ ಲಯಬದ್ಧವಾಗಿ ಒತ್ತುತ್ತಾ ಹೋದರು. ಎರಡು ವಾರ. ತುದಿಯಲ್ಲಿ ಬಲ ಅಳೆಯುವ ಸೆನ್ಸರ್ ಇತ್ತು. ಒತ್ತಿದಾಗ ಒಳಗೆ ಮಾಂಸ ಎಷ್ಟು ಅದುಮಿತು ಎಂಬುದನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದರು. ಒತ್ತಿಸಿಕೊಂಡ ಕಾಲಿನಲ್ಲಿ ಹೊಸ ನಾರುಗಳು ದಪ್ಪಗೆ ಬೆಳೆದವು. ಯಾಕೆ ಎಂದು ಹುಡುಕಿದಾಗ ಸಿಕ್ಕ ಉತ್ತರವೇ ಈ ಪ್ರಯೋಗದ ತಿರುಳು. ಗಾಯವಾದ ಕೂಡಲೇ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ. ಮೊದಮೊದಲು ಅವು ಬೇಕು. ಅವು ಸ್ರವಿಸುವ ಅಂಶಗಳಿಂದ ಮಾಂಸಖಂಡದ ಮೂಲಕಣಗಳು (ಸ್ಟೆಮ್ ಸೆಲ್) ಸಂಖ್ಯೆಯಲ್ಲಿ ಹೆಚ್ಚುತ್ತವೆ. ಆದರೆ ಅದೇ ಅಂಶಗಳು ಆ ಕಣಗಳು ಬಲಿತು ನಾರಾಗುವುದನ್ನು ತಡೆಯುತ್ತವೆ. ಊಟ ಮುಗಿದರೂ ಪಂಕ್ತಿ ಬಿಟ್ಟೇಳದ ನೆಂಟರ ಹಾಗೆ! ಲಯಬದ್ಧ ಒತ್ತಡ ಈ ಬಿಳಿ ರಕ್ತಕಣಗಳನ್ನೂ ಉರಿಯೂತದ ರಾಸಾಯನಿಕಗಳನ್ನೂ ಅಲ್ಲಿಂದ ಹೊರದೂಡಿತು. ಗಾಯವಾದ ಮೂರನೇ ದಿನ ನ್ಯೂಟ್ರೋಫಿಲ್‌ಗಳನ್ನು ಬೇರೆ ವಿಧಾನದಿಂದ ತೆಗೆದುಹಾಕಿದಾಗಲೂ ನಾರುಗಳು ಚೆನ್ನಾಗಿ ಬೆಳೆದದ್ದು ಈ ಮಾತಿಗೆ ಸಾಕ್ಷಿಯಾಯಿತು.

ನಿಮ್ಮ ಕೈಗೂ ಆ ಯಂತ್ರಕ್ಕೂ ವ್ಯತ್ಯಾಸ ಎಣ್ಣೆಯಲ್ಲಿಲ್ಲ, ಅಳತೆಯಲ್ಲಿದೆ. ನಿಮ್ಮ ಹೆಬ್ಬೆರಳು ಮೊದಲ ಸಲ ಒತ್ತಿದ್ದಕ್ಕೂ ನೂರನೇ ಸಲ ಒತ್ತಿದ್ದಕ್ಕೂ ಬಲ ಒಂದೇ ಇರುವುದಿಲ್ಲ. ಯಂತ್ರದ್ದು ಒಂದೇ ಇರುತ್ತದೆ. ಆದರೆ ಇಲಿಯ ಲೆಕ್ಕವನ್ನು ಪೈಲ್ವಾನರ ತೊಡೆಗೆ ಗುಣಿಸಿ ಹೇಳಲು ಬರುವುದಿಲ್ಲ. ಇಲಿಯ ಮಾಂಸಖಂಡ ಚರ್ಮದ ಕೆಳಗೇ, ತೆಳುವಾಗಿ ಇದೆ. ನಿಮ್ಮ ಹುಡುಗರದ್ದು ಅಂಗೈ ದಪ್ಪ. ಮೇಲಿನ ಒತ್ತಡ ಒಳಗಿಳಿಯುತ್ತಾ ಹರಡಿ ಹೋಗುತ್ತದೆ. ಅಲ್ಲಿನ ಗಾಯವೂ ಪ್ರಯೋಗಾಲಯದಲ್ಲಿ ಅಳೆದು ಮಾಡಿದ್ದು, ಅಖಾಡದಲ್ಲಿ ಬಿದ್ದದ್ದಲ್ಲ. ಕಸರತ್ತಿನ ಆಯಾಸಕ್ಕೆ ನಿಮ್ಮ ಮಾಲೀಸು ಧಾರಾಳವಾಗಿ ನಡೆಯಲಿ. ರಕ್ತ ಕಟ್ಟಿದ ತೊಡೆಗೆ ಮಾತ್ರ ಬೇಡ.

ಪ್ರಶ್ನೆ: ರಬ್ಬರಿನಿಂದ ಮಾಡಿದರೆ ಅದು ರೋಬೋಟ್ ಹೇಗಾಗುತ್ತದೆ? ಕಬ್ಬಿಣದ್ದೇ ಗಟ್ಟಿಯಲ್ಲವೇ?
(ಒಂಬತ್ತನೇ ತರಗತಿ ವಿದ್ಯಾರ್ಥಿ, ಹಿರಿಯೂರು)

ಉತ್ತರ: ಗಟ್ಟಿಯೇ ತೊಂದರೆ ಮಾರಾಯ. ಒಂದು ವಸ್ತುವನ್ನು ಹಿಗ್ಗಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಪಾಸ್ಕಲ್‌ನಲ್ಲಿ ಒಂದು ಅಳತೆ ಇದೆ. ಉಕ್ಕಿಗೆ ಸುಮಾರು 20,000 ಕೋಟಿ ಪಾಸ್ಕಲ್. ಸಡಿಲ ಬಿಟ್ಟ ಮಾಂಸಖಂಡಕ್ಕೆ ಹತ್ತು ಸಾವಿರದ ಆಸುಪಾಸು. ಮೆದು ಸಿಲಿಕೋನ್‌ಗೆ ಸುಮಾರು ಒಂದು ಲಕ್ಷ. ಅಂದರೆ ಸಿಲಿಕೋನ್ ಮಾಂಸದ ಓಣಿಯವನೇ, ಉಕ್ಕು ಬೇರೆ ಊರಿನವನು. ಉಕ್ಕು ಮಾಂಸಕ್ಕೆ ತಾಗಿದರೆ ಬಗ್ಗುವ ಕೆಲಸವೆಲ್ಲ ಮಾಂಸದ್ದೇ. ಸಿಲಿಕೋನ್ ತಾಗಿದರೆ ಇಬ್ಬರೂ ಬಗ್ಗಿ ಒತ್ತಡ ಹಂಚಿಕೊಳ್ಳುತ್ತಾರೆ.

ರಬ್ಬರ್ ಹೇಗೆ ಎಳೆಯುತ್ತದೆ ಎಂದು ನೋಡಬೇಕಾದರೆ ಈರುಳ್ಳಿ ತುಂಬುವ ಜಾಳಿಗೆ ಚೀಲ ತೆಗೆದುಕೋ. ನಿಮ್ಮ ಕಡೆ ಅದಕ್ಕೇನು ಬರ! ಚೀಲವನ್ನು ಅಡ್ಡಕ್ಕೆ ಅಗಲಿಸು, ಉದ್ದ ಕಡಿಮೆಯಾಗುತ್ತದೆ. ಅಂಥದೇ ಹೆಣಿಗೆಯ ಕೊಳವೆಯೊಳಗೆ ರಬ್ಬರ್ ಬಲೂನಿಟ್ಟು ಗಾಳಿ ಹೊಡೆದರೆ ಅದು ದಪ್ಪವಾಗಿ, ಗಿಡ್ಡವಾಗಿ, ತುದಿಗೆ ಕಟ್ಟಿದ ಭಾರವನ್ನು ಎಳೆಯುತ್ತದೆ. 1950ರ ದಶಕದಲ್ಲಿ ಅಮೆರಿಕದ ಜೋಸೆಫ್ ಮೆಕಿಬೆನ್, ಪೋಲಿಯೋದಿಂದ ಬಳಲುತ್ತಿದ್ದ ಮಗಳ ಕೈಗೆ ಇಂಥ ಗಾಳಿ ಸ್ನಾಯು ಮಾಡಿದರು. ಅವರ ಹೆಸರೇ ಅದಕ್ಕೆ ಉಳಿದಿದೆ. ತನ್ನ ಉದ್ದದ ಕಾಲು ಭಾಗದಷ್ಟು ಅದು ಕುಗ್ಗಬಲ್ಲದು. ಹೆಣಿಗೆಯ ದಾರ ಉದ್ದಕ್ಕೆ 54.7 ಡಿಗ್ರಿ ಕೋನಕ್ಕೆ ಬಂದಾಗ ಎಳೆತ ನಿಲ್ಲುತ್ತದೆ, ಆಮೇಲೆ ಎಷ್ಟು ಗಾಳಿ ಹೊಡೆದರೂ ಅಷ್ಟೇ. ಸೆನ್ಸರ್ ಅಳೆದು, ಕಂಪ್ಯೂಟರ್ ಲೆಕ್ಕ ಹಾಕಿ, ವಾಲ್ವ್ ಗಾಳಿ ಬಿಡುವುದರಿಂದ ಅದು ರೋಬೋಟ್. ಇಲ್ಲದಿದ್ದರೆ ಬರೀ ಬಲೂನು.

ಪ್ರಶ್ನೆ: ನಾವು ನಾಲ್ವರು ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಮಾಂಸಖಂಡ ಒತ್ತುವ ಸಿಲಿಕೋನ್ ಆಕ್ಚುಯೇಟರ್ (ಗಾಳಿಗೆ ಉಬ್ಬಿ ಒತ್ತುವ ಭಾಗ) ಮಾಡುತ್ತಿದ್ದೇವೆ. ಮೂರು ಸಲ ಎರಕ ಹೊಯ್ದೆವು. ಒಮ್ಮೆ ಗುಳ್ಳೆ, ಒಮ್ಮೆ ಅಂಟಂಟು, ಮೂರನೆಯದು ಜೋಡಣೆಯಲ್ಲೇ ಬಿಟ್ಟುಕೊಂಡಿತು. ಎಲ್ಲಿ ತಪ್ಪುತ್ತಿದ್ದೇವೆ?
(ಎಂಜಿನಿಯರಿಂಗ್ ವಿದ್ಯಾರ್ಥಿಗಳು, ದಾವಣಗೆರೆ)

ಉತ್ತರ: ಮೂರಕ್ಕೂ ಕಾರಣ ಬೇರೆ ಬೇರೆ. ನೀವು ಇಕೋಫ್ಲೆಕ್ಸ್ 00-30 ಎಂಬ ಮೆದು ಸಿಲಿಕೋನ್ ಬಳಸುತ್ತಿದ್ದೀರಿ ಎಂದು ಬರೆದಿದ್ದೀರಿ, ಅದನ್ನೇ ಇಟ್ಟುಕೊಂಡು ಹೇಳುತ್ತೇವೆ.

ಮೊದಲು ಅಂಟಂಟು. ಇದು ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಸಿಲಿಕೋನ್. ಗಂಧಕ ಅಥವಾ ತವರದ ಸಂಯುಕ್ತ ತಾಗಿದರೆ ಪ್ಲಾಟಿನಂ ಕೆಲಸ ನಿಲ್ಲಿಸುತ್ತದೆ, ತಾಗಿದ ಮೈ ಎಂದಿಗೂ ಒಣಗುವುದಿಲ್ಲ. ಲ್ಯಾಟೆಕ್ಸ್ ಕೈಗವಸು, ಗಂಧಕ ಬೆರೆತ ಮಾಡೆಲಿಂಗ್ ಕ್ಲೇ, ತವರದಿಂದ ಗಟ್ಟಿಯಾಗುವ ಬೇರೆ ಸಿಲಿಕೋನ್ ಕಲಸಿದ ಹಳೆಯ ಬಟ್ಟಲು, ರೆಸಿನ್ 3ಡಿ ಪ್ರಿಂಟರ್‌ನಲ್ಲಿ ಮಾಡಿದ ಅಚ್ಚು ಈ ನಾಲ್ಕರಲ್ಲಿ ಒಂದು ನಿಮ್ಮ ಮೇಜಿನ ಮೇಲೆ ಇದ್ದೇ ಇರುತ್ತದೆ. ನೈಟ್ರೈಲ್ ಅಥವಾ ವಿನೈಲ್ ಕೈಗವಸು ಹಾಕಿ. ಅಚ್ಚನ್ನು ಪ್ಲಾಸ್ಟಿಕ್ ದಾರ ಕರಗಿಸುವ ಮಾಮೂಲಿ 3ಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಎಂಬ ಪ್ಲಾಸ್ಟಿಕ್‌ನಿಂದ ಮಾಡಿಸಿ. ಅಂಟು ಎಲ್ಲ ಕಡೆ ಇಲ್ಲದೆ ಅಲ್ಲಲ್ಲಿ ಮಾತ್ರ ಇದ್ದರೆ ದೋಷ ಅಚ್ಚಿನದ್ದಲ್ಲ, ಕಲಸಿದ್ದು ಸಾಲದು. ಎ ಮತ್ತು ಬಿ ಬಾಟಲಿಗಳನ್ನು ಮೊದಲು ಬೇರೆ ಬೇರೆಯಾಗಿಯೇ ಕಲಕಿ, ಆಮೇಲೆ ಸಮ ತೂಕ ಸೇರಿಸಿ. ಬಟ್ಟಲಿನ ಗೋಡೆ, ತಳ ಕೆರೆಯುತ್ತಾ ಮೂರು ನಿಮಿಷ ಕಲಸಿ. ಅಚ್ಚಿನ ಖಾಲಿ ಜಾಗ 30 ಮಿ.ಲೀ. ಇದ್ದರೆ ಸಾಂದ್ರತೆ 1.07ರಂತೆ 32 ಗ್ರಾಂ ಬೇಕು. ಬಟ್ಟಲಿಗೆ ಅಂಟಿ ಹೋಗುವುದೂ ಸೇರಿ 40 ಗ್ರಾಂ, ಅಂದರೆ 20 ಮತ್ತು 20.

ಗುಳ್ಳೆಗೆ ನಿರ್ವಾತವೇ ಮದ್ದು. ಬಟ್ಟಲು ಮಿಶ್ರಣದ ನಾಲ್ಕು ಪಟ್ಟು ದೊಡ್ಡದಿರಲಿ. ನಿರ್ವಾತದಲ್ಲಿ ಅದು ಹಾಲು ಉಕ್ಕಿದಂತೆ ಮೇಲೇಳುತ್ತದೆ, ಆಮೇಲೆ ಕುಸಿಯುತ್ತದೆ. ಕುಸಿದ ಮೇಲೆ ಇನ್ನೆರಡು ನಿಮಿಷ ಬಿಟ್ಟು ಹೊರತೆಗೆಯಿರಿ. ಹೊಯ್ಯುವಾಗ ಅಚ್ಚಿನ ಒಂದೇ ಮೂಲೆಗೆ, ಎತ್ತರದಿಂದ, ದಾರದಷ್ಟು ತೆಳ್ಳಗೆ ಬಿಡಬೇಕು. ಉಳಿದ ಗುಳ್ಳೆ ಆ ತೆಳು ಧಾರೆಯಲ್ಲೇ ಒಡೆಯುತ್ತದೆ. ಕೈಗೆ ಸಿಗುವ ಸಮಯ 45 ನಿಮಿಷ ಎಂದು ಡಬ್ಬಿಯ ಮೇಲಿರುವುದು 23 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ಶೆಡ್ಡಿನಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ, ಅರ್ಧ ಹೊಯ್ಯುವಷ್ಟರಲ್ಲೇ ಬಿಗಿಯುತ್ತದೆ. ಬೆಳಿಗ್ಗೆ ಬೇಗ ಹೊಯ್ಯಿರಿ. ನಾಲ್ಕು ಗಂಟೆಯ ಮೇಲೆ ಅಚ್ಚಿನಿಂದ ಬಿಡಿಸಿ. ಓವನ್‌ನಲ್ಲಿಟ್ಟು ಬೇಗ ಮಾಡುತ್ತೇವೆ ಎಂದು ಹೊರಟರೆ ಪಿಎಲ್‌ಎ ಅಚ್ಚು 60 ಡಿಗ್ರಿಯ ಹತ್ತಿರ ಸೊಟ್ಟಗಾಗುತ್ತದೆ. ಬಿಡಿಸಿದ ಮೇಲೆ ಬೇಕಿದ್ದರೆ 80 ಡಿಗ್ರಿಯಲ್ಲಿ ಎರಡು ಗಂಟೆ, 100ರಲ್ಲಿ ಒಂದು ಗಂಟೆ ಕಾಯಿಸಿ.

ಜೋಡಣೆ ಬಿಡುವುದು ಎಲ್ಲರ ಕಾಯಿಲೆ. ಗಾಳಿ ತುಂಬುವ ಕೋಣೆಗಳಿರುವ ಮೇಲ್ಭಾಗವನ್ನು ಮೊದಲು ಪೂರ್ತಿ ಗಟ್ಟಿ ಮಾಡಿಕೊಳ್ಳಿ. ತಳಕ್ಕೆ ಹಿಗ್ಗದ ಪದರ ಬೇಕು, ತೆಳು ಹತ್ತಿ ಬಟ್ಟೆ ಸಾಕು. ಬಟ್ಟೆಗೆ ಸಿಲಿಕೋನ್ ಕುಡಿಸಿ 1ರಿಂದ 2 ಮಿ.ಮೀ. ಹಾಳೆ ಮಾಡಿ, ಅದು ಬೆರಳಿಗೆ ಅಂಟುತ್ತದೆ ಆದರೆ ಹರಿಯುವುದಿಲ್ಲ ಎನ್ನುವ ಹದದಲ್ಲಿ ಮೇಲ್ಭಾಗವನ್ನು ಇಡಿ. ಹಸಿಯಿದ್ದಾಗ ಇಟ್ಟರೆ ಸಿಲಿಕೋನ್ ಮೇಲೇರಿ ಗಾಳಿದಾರಿ ಮುಚ್ಚುತ್ತದೆ. ಒಣಗಿದ ಮೇಲೆ ಇಟ್ಟರೆ ಅಂಟಿದಂತೆ ಕಂಡು ಮೊದಲ ಗಾಳಿಗೇ ಬಿಡುತ್ತದೆ. ಜೋಡಿಸುವ ಮೈಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಎಣ್ಣೆಯ ಬೆರಳಚ್ಚೂ ಸಾಕು. ಫೆವಿಕ್ವಿಕ್ ಸಿಲಿಕೋನ್‌ಗೆ ಹಿಡಿಯುವುದಿಲ್ಲ, ಪ್ರಯತ್ನಿಸಿ ಸಮಯ ಕಳೆಯಬೇಡಿ. 4 ಮಿ.ಮೀ. ಟ್ಯೂಬಿಗೆ 3 ಮಿ.ಮೀ. ತೂತು ಮಾಡಿ ಬಿಗಿಯಾಗಿ ತೂರಿಸಿ, ಸುತ್ತ ಅದೇ ಸಿಲಿಕೋನ್ ಹಚ್ಚಿ.

ಪರೀಕ್ಷೆ ಬಕೆಟ್ ನೀರಿನಲ್ಲಿ, ಪಂಕ್ಚರ್ ಅಂಗಡಿಯವರು ನೋಡುವ ಹಾಗೆಯೇ. 60 ಮಿ.ಲೀ. ಸಿರಿಂಜಿನಿಂದ ಗಾಳಿ ಕೊಡಿ. ಒತ್ತಡ ನೋಡಲು ಹಳೆಯ ಬಿಪಿ ಉಪಕರಣದ ಗಡಿಯಾರವನ್ನು ‘ಟಿ’ ಜೋಡಣೆಯಿಂದ ಸೇರಿಸಿದರೆ ಸಾಕು. ಅದರ 300 ಎಂದರೆ 40 ಕಿಲೋಪಾಸ್ಕಲ್. 5 ಕಿಲೋಪಾಸ್ಕಲ್‌ನಂತೆ ಮೆಟ್ಟಿಲೇರಿಸಿ. ಒಂದೇ ಕೋಣೆ ಬಲೂನಿನಂತೆ ಉಬ್ಬಿದರೆ ಅಲ್ಲಿ ಗೋಡೆ ತೆಳುವಾಗಿದೆ ಎಂದರ್ಥ. ಅಚ್ಚಿನ ತಿರುಳು (ಒಳಗೆ ಟೊಳ್ಳು ಉಳಿಸುವ ತುಂಡು) ಸರಿಯಾಗಿ ನಡುವೆ ಕೂತಿಲ್ಲ. ಸಿಲಿಕೋನ್ ಮೊದಲ ಕೆಲವು ಸಲ ಬಿಗಿಯಾಗಿ, ಆಮೇಲೆ ಸಡಿಲವಾಗಿ ಹಿಗ್ಗುತ್ತದೆ. ಹಾಗಾಗಿ ಇಪ್ಪತ್ತು ಸಲ ಉಬ್ಬಿಸಿ ಇಳಿಸಿ, ಆಮೇಲೆಯೇ ಅಳತೆ ಬರೆದುಕೊಳ್ಳಿ.

ನಿಮ್ಮ ಪತ್ರದಲ್ಲಿ ನಮಗೆ ಆತಂಕ ತಂದ ಸಾಲು ಬೇರೆಯದು: ‘20 ಕಿಲೋಪಾಸ್ಕಲ್ ಒತ್ತಡದಲ್ಲಿ ಮಾಂಸಖಂಡ ಒತ್ತುತ್ತೇವೆ.’ ಒಳಗಿನ ಗಾಳಿಯ ಒತ್ತಡ ಚರ್ಮದ ಮೇಲಿನ ಒತ್ತಡವಲ್ಲ. ಒಂದು ಪಾಲು ರಬ್ಬರನ್ನು ಹಿಗ್ಗಿಸಲು ಖರ್ಚಾಗುತ್ತದೆ. ಪೂರ್ತಿ ತಲುಪಿದರೂ 4 ಚದರ ಸೆಂ.ಮೀ. ತುದಿಯಲ್ಲಿ ಅದು 8 ನ್ಯೂಟನ್, ಸುಮಾರು 800 ಗ್ರಾಂ ಭಾರ. ನಿಜವಾಗಿ ಎಷ್ಟು ಬರುತ್ತದೆ ಎಂದು ನೋಡಲು ಆಕ್ಚುಯೇಟರನ್ನು ಚೌಕಟ್ಟಿಗೆ ಬಿಗಿದು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒತ್ತಿಸಿ. ಇನ್ನೊಂದು: 20 ಕಿಲೋಪಾಸ್ಕಲ್ ಎಂದರೆ 150 ಮಿ.ಮೀ. ಪಾದರಸ. ಚರ್ಮದ ಕೂದಲೆಳೆ ರಕ್ತನಾಳಗಳೊಳಗಿನ ಒತ್ತಡ 32ರ ಆಸುಪಾಸು. ಒತ್ತಿ ಬಿಟ್ಟರೆ ಚಿಂತೆಯಿಲ್ಲ, ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಆದ್ದರಿಂದ ಕರೆಂಟ್ ಹೋದಾಗ ತಾನಾಗಿ ತೆರೆದುಕೊಂಡು ಗಾಳಿ ಬಿಡುವ ವಾಲ್ವನ್ನೇ ಆರಿಸಿ. ಮುಚ್ಚಿಕೊಳ್ಳುವ ವಾಲ್ವ್ ಹಾಕಿದರೆ ಲೋಡ್ ಶೆಡ್ಡಿಂಗ್ ಹೊತ್ತಿನಲ್ಲಿ ಕಾಲು ಒತ್ತಿದ ಹಾಗೇ ಕೂರುತ್ತದೆ. ವಾಲ್ವಿನ ಸುರುಳಿಗೆ ಡಯೋಡ್ ಹಾಕುವುದನ್ನು ಮರೆತರೆ ವಾಲ್ವ್ ನಡೆಸುವ ಆರ್ಡುಯಿನೋ ಬೋರ್ಡು ಸುಡುತ್ತದೆ, ಆ ಪಾಠವನ್ನು ಎಲ್ಲರೂ ಒಮ್ಮೆ ದುಡ್ಡು ಕೊಟ್ಟೇ ಕಲಿಯುತ್ತಾರೆ.

ಪ್ರಾಜೆಕ್ಟ್ ಪ್ರದರ್ಶನಕ್ಕೆ ಗೆಳೆಯನ ಕಾಲು ಬೇಡ. ಜೆಲಾಟಿನ್ ಅಚ್ಚು ಸಾಕು. ಮನುಷ್ಯರ ಮೇಲೆ ಮಾಡಬೇಕಾದರೆ ವೈದ್ಯರ ಜೊತೆ ಸೇರಿ ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. ಮಾರುವ ಹಂತಕ್ಕೆ ಬಂದರೆ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಅನ್ವಯಿಸುತ್ತವೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಐದು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದಿದೆ. ಆನ್‌ಲೈನ್‌ನಲ್ಲಿ ಗಾಳಿ ತುಂಬುವ ರೋಬೋಟ್ ಗ್ಲೌಸ್ ತರಿಸಿದ್ದೇವೆ. ದಿನಕ್ಕೆ ಎರಡು ಗಂಟೆ ಹಾಕುತ್ತೇವೆ, ಅವರು ಟಿ.ವಿ. ನೋಡುತ್ತಾ ಕೂತಿರುತ್ತಾರೆ. ಬದಲಾವಣೆ ಕಾಣುತ್ತಿಲ್ಲ. ಇದು ಮೋಸವೇ?
(ಗೃಹಿಣಿ, ಚಿತ್ರದುರ್ಗ)

ಉತ್ತರ: ಮೋಸವಲ್ಲಮ್ಮ, ಬಳಸುವ ಕ್ರಮ ತಪ್ಪಿದೆ. ಗ್ಲೌಸ್ ಬೆರಳುಗಳನ್ನು ಮಡಚಿ ಬಿಡಿಸುತ್ತದೆ. ಅದರಿಂದ ಕೀಲು ಬಿಗಿಯುವುದು ತಪ್ಪುತ್ತದೆ ಅಷ್ಟೇ. ಕೈ ಮರಳಬೇಕಾದರೆ ಮಿದುಳು ‘ಮಡಚು’ ಎಂದು ಹೇಳುವ ಗಳಿಗೆಯಲ್ಲೇ ಬೆರಳು ಮಡಚಬೇಕು. ಟಿ.ವಿ. ನೋಡುವ ಮಿದುಳು ಏನೂ ಹೇಳುತ್ತಿಲ್ಲ. ಟಿ.ವಿ. ಆರಿಸಿ, ಅವರು ಕೈಯನ್ನೇ ನೋಡಲಿ. ಗ್ಲೌಸ್ ಉಬ್ಬುವ ಮುನ್ನ ತಾವೇ ಮಡಚಲು ಯತ್ನಿಸಲಿ. ನಿಮ್ಮ ಯಂತ್ರದಲ್ಲಿ ‘ಮಿರರ್’ ಕ್ರಮ ಇದ್ದರೆ ಒಳ್ಳೆಯದು. ಎಡಗೈ ಮಾಡಿದ್ದನ್ನು ಬಲಗೈ ಹಿಂಬಾಲಿಸುತ್ತದೆ, ಮನಸ್ಸು ಅದರಲ್ಲೇ ಇರುತ್ತದೆ. ಎರಡು ಗಂಟೆ ಒಂದೇ ಸಮ ಬೇಡ. 20 ನಿಮಿಷದಂತೆ ಎರಡು ಸಲ ಸಾಕು, ಮೊದಲ ವಾರ ಹತ್ತು ನಿಮಿಷವೇ ಇರಲಿ.

ಹಾಕುವ ಮುನ್ನ ಮುಷ್ಟಿ ಬಿಗಿದಿದ್ದರೆ ಮಣಿಕಟ್ಟನ್ನು ಸ್ವಲ್ಪ ಬಗ್ಗಿಸಿ, ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಆಮೇಲೆ ಮಣಿಕಟ್ಟು ನೆಟ್ಟಗೆ ಮಾಡಿ. ದಡಬಡನೆ ಎಳೆದಷ್ಟೂ ಅದು ಬಿಗಿಯುತ್ತದೆ. ಮುಷ್ಟಿ ತೀರಾ ಬಿಗಿಯಿದ್ದಾಗ ಗ್ಲೌಸ್ ಹಾಕಿದರೆ ಬೆರಳಿನ ನಡುಗೀಲು ಮಡಚಿಕೊಂಡೇ ಇದ್ದು ಬುಡದ ಕೀಲು ಹಿಂದಕ್ಕೆ ತಿರುಚಿಕೊಳ್ಳುತ್ತದೆ. ಬದಿಯಿಂದ ನೋಡಿ, ಹಾಗೆ ಕಂಡರೆ ನಿಲ್ಲಿಸಿ. ಆ ಬಿಗಿತಕ್ಕೆ ಮೊದಲು ಔಷಧಿಯೋ ಇಂಜೆಕ್ಷನ್ನೋ ಬೇಕಾಗಬಹುದು, ವೈದ್ಯರು ನೋಡಬೇಕು. ಮೊಣಕೈಯಿಂದ ಅಂಗೈವರೆಗೆ ದಿಂಬಿನ ಮೇಲಿರಲಿ. ಜೋತುಬಿದ್ದ ಕೈ ಭುಜದ ಕೀಲನ್ನು ಜಾರಿಸುತ್ತದೆ. ಲಕ್ವ ಆದವರಿಗೆ ಸ್ಪರ್ಶವೂ ಮಂದವಾಗಿರಬಹುದು, ಒತ್ತಿದರೂ ‘ಏನಿಲ್ಲ’ ಎನ್ನುತ್ತಾರೆ. ಕಳಚಿದ ಮೇಲೆ ಬೆರಳ ತುದಿ, ಗೆಣ್ಣು ನೋಡಿ. ಕೆಂಪು ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಒತ್ತಡ ಜಾಸ್ತಿ ಅಥವಾ ಅಳತೆ ಚಿಕ್ಕದು. ಕೈ ಊದಿ, ಬಿಸಿಯಾಗಿ, ಮುಟ್ಟಿದರೆ ನೋವೆಂದರೆ ಗ್ಲೌಸ್ ಬಿಟ್ಟು ವೈದ್ಯರ ಹತ್ತಿರ ಹೋಗಿ.

ಗ್ಲೌಸ್ ಕಳಚಿದ ಮುಂದಿನ ಹದಿನೈದು ನಿಮಿಷ ನಮ್ಮ ಪ್ರಕಾರ ಇಡೀ ಕಸರತ್ತಿನಲ್ಲಿ ಹೆಚ್ಚು ಬೆಲೆಯದ್ದು. ಆಗ ಕೈಗೆ ನಿಜವಾದ ಕೆಲಸ ಕೊಡಿ. ಖಾಲಿ ಸ್ಟೀಲ್ ಲೋಟ ಹಿಡಿದು ಬಿಡುವುದು, ಟವೆಲ್ ಹಿಂಡುವುದು. ಸ್ವಲ್ಪ ಚಿವುಟು ಬಂದ ಮೇಲೆ ತಟ್ಟೆಗೆ ಮಂಡಕ್ಕಿ ಸುರಿದು ಒಂದೊಂದೇ ಹೆಕ್ಕಿ ಬಟ್ಟಲಿಗೆ ಹಾಕಲಿ. ಹಗುರ, ಒರಟು ಮೈ, ಹಿಡಿತ ಜಾಸ್ತಿಯಾದರೆ ಪುಡಿಯಾಗಿ ತಾನೇ ಹೇಳುತ್ತದೆ. ಐದು ತಿಂಗಳು ಎಂದರೆ ಚೇತರಿಕೆಯ ವೇಗ ಇನ್ನೂ ಇರುವ ಕಾಲ, ಬಿಡಬೇಡಿ.

ಪ್ರಶ್ನೆ: ಇಂಥ ರೋಬೋಟನ್ನು ದೇಹದೊಳಗೇ ಇಡಬಹುದೇ? ಇಟ್ಟರೆ ದೇಹ ಸುಮ್ಮನಿರುತ್ತದೆಯೇ?
(ಶುಶ್ರೂಷಕಿ, ಹೊಸದುರ್ಗ)

ಉತ್ತರ: ಪ್ರಾಣಿಗಳಲ್ಲಿ ಇಟ್ಟಿದ್ದಾರೆ. 2017ರಲ್ಲಿ ಎಲೆನ್ ರೋಶ್ ಮತ್ತು ಸಂಗಡಿಗರು ಹಂದಿಯ ಹೃದಯದ ಸುತ್ತ ತೊಡಿಸುವ ಸಿಲಿಕೋನ್ ಕವಚವೊಂದನ್ನು ತೋರಿಸಿದರು. ಹಿರಿಯೂರಿನ ಹುಡುಗನಿಗೆ ಹೇಳಿದ ಮೆಕಿಬೆನ್ ಗಾಳಿ ಸ್ನಾಯುಗಳನ್ನೇ ಅದರಲ್ಲಿ ಎರಡು ಪದರವಾಗಿ, ಒಂದು ಸುರುಳಿಯಾಗಿ ಇನ್ನೊಂದು ಬಳೆಯಾಗಿ ಜೋಡಿಸಿದ್ದರು, ಹೃದಯದ ನಾರುಗಳು ಇರುವ ಹಾಗೆ. ಅದು ಹೃದಯದ ಬಡಿತಕ್ಕೆ ಹೊಂದಿಕೊಂಡು ಹಿಂಡುತ್ತದೆ. ರಕ್ತಕ್ಕೆ ಎಲ್ಲೂ ತಾಗುವುದಿಲ್ಲ ಎಂಬುದೇ ಅದರ ದೊಡ್ಡ ಗುಣ. ರಕ್ತಕ್ಕೆ ತಾಗುವ ಪಂಪುಗಳಲ್ಲಿ ಹೆಪ್ಪುಗಟ್ಟುವ ಭಯಕ್ಕೆ ರಕ್ತ ತೆಳು ಮಾಡುವ ಮಾತ್ರೆ ತಪ್ಪುವುದಿಲ್ಲ.

ಇನ್ನೊಂದು ನಿಮ್ಮ ವೃತ್ತಿಗೆ ಹತ್ತಿರದ್ದು. ಅನ್ನನಾಳದ ನಡುವೆ ತುಂಡು ಇಲ್ಲದೆ ಹುಟ್ಟುವ ಶಿಶುಗಳಲ್ಲಿ ಅಂತರ ಸುಮಾರು 3 ಸೆಂ.ಮೀ. ಮೀರಿದರೆ ತುದಿಗಳನ್ನು ಸೇರಿಸಿ ಹೊಲಿಯಲಾಗದು. ಹೊಲಿಗೆ ದಾರ ಕಟ್ಟಿ ತುದಿಗಳನ್ನು ದಿನದಿನಕ್ಕೆ ಎಳೆಯುವ ಪದ್ಧತಿ ಇದೆ, ಆದರೆ ಮಗುವನ್ನು ವಾರಗಟ್ಟಲೆ ಮಲಗಿಸಿಯೇ ಇಡಬೇಕು. 2018ರಲ್ಲಿ ಡಾನಾ ಡಾಮಿಯನ್, ಪಿಯರ್ ಡ್ಯುಪಾಂಟ್ ತಂಡ ಹಂದಿಗಳ ಅನ್ನನಾಳಕ್ಕೆ ಎರಡು ಬಳೆಗಳನ್ನು ಹೊಲಿದು, ಪುಟ್ಟ ಮೋಟಾರಿನಿಂದ ಅವುಗಳ ಅಂತರ ಹೆಚ್ಚಿಸುತ್ತಾ ಹೋಯಿತು. ಎಂಟೊಂಬತ್ತು ದಿನದಲ್ಲಿ ಆ ತುಂಡು ಶೇ 77ರಷ್ಟು ಉದ್ದವಾಯಿತು. ಹಂದಿಗಳು ಎಚ್ಚರವಾಗಿದ್ದು ತಿಂದುಕೊಂಡು ಓಡಾಡಿಕೊಂಡಿದ್ದವು. ಬರೀ ಜಗ್ಗಿ ತೆಳುವಾದದ್ದಲ್ಲ, ಕಣಗಳು ಹೆಚ್ಚಿ ಬೆಳೆದದ್ದು. ಇದನ್ನು ಪೂರ್ತಿ ಮೆದು ರೋಬೋಟ್ ಎನ್ನಲಾಗದು, ಒಳಗೆ ಲೋಹ, ಮೋಟಾರು ಇವೆ. ಮೇಲಿನ ಹೊದಿಕೆ ಮಾತ್ರ ಮೆದು.

ದೇಹ ಸುಮ್ಮನಿರುವುದಿಲ್ಲ. ಹೊರಗಿನ ಯಾವ ವಸ್ತುವಿಗೂ ಸುತ್ತ ಗಟ್ಟಿ ನಾರಿನ ಚೀಲ ಕಟ್ಟುತ್ತದೆ, ಸೆನ್ಸರ್ ಕುರುಡಾಗುತ್ತದೆ, ಔಷಧಿ ಹೊರಬರುವುದಿಲ್ಲ. ಇಲ್ಲೂ ಚಲನೆಯೇ ನೆರವಿಗೆ ಬಂತು. 2019ರಿಂದ ರೋಶ್ ಮತ್ತು ಐರ್ಲೆಂಡಿನ ಸಂಶೋಧಕರು ಚರ್ಮದಡಿಯ ಪುಟ್ಟ ಸಿಲಿಕೋನ್ ಚೀಲವನ್ನು 12 ಗಂಟೆಗೊಮ್ಮೆ ಐದು ನಿಮಿಷ ಉಬ್ಬಿಸಿ ಇಳಿಸಿ ನೋಡಿದಾಗ, ಇಲಿಗಳಲ್ಲಿ ಆ ನಾರಿನ ಕೋಟೆ ಕಟ್ಟುವುದು ತಡವಾಯಿತು. ಅಲ್ಲೂ ಮೊದಲ ದಿನಗಳಲ್ಲಿ ಬರುವ ನ್ಯೂಟ್ರೋಫಿಲ್‌ಗಳು ಕಡಿಮೆಯಾಗಿದ್ದವು. ಉಳಿದ ದೊಡ್ಡ ತೊಡಕು ನಳಿಕೆಯದ್ದು: ಹೊರಗಿನ ಪಂಪಿನಿಂದ ಚರ್ಮ ದಾಟಿ ಬರುವ ಪ್ರತಿ ಗಾಳಿ ಕೊಳವೆಯೂ ಸೋಂಕಿಗೆ ತೆರೆದ ಬಾಗಿಲು. ಕ್ಯಾತಿಟರ್ ನೋಡಿಕೊಂಡ ನಿಮಗೆ ಅದನ್ನು ವಿವರಿಸಬೇಕಿಲ್ಲ.

ಪ್ರಶ್ನೆ: ಅಕ್ಕಿಕಾಳಿನಷ್ಟು ರೋಬೋಟ್‌ಗಳು ರಕ್ತದಲ್ಲಿ ಈಜಿ ಗಾಯ ರಿಪೇರಿ ಮಾಡುತ್ತವಂತೆ, ನಿಜವೇ?
(ರೇಷ್ಮೆ ನೇಕಾರರು, ಮೊಳಕಾಲ್ಮೂರು)

ಉತ್ತರ: ಅಕ್ಕಿಕಾಳಿಗಿಂತ ಚಿಕ್ಕದಿದೆ, ರಕ್ತದಲ್ಲಿ ರಿಪೇರಿ ಇಲ್ಲ. 2018ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಮೆಟಿನ್ ಸಿಟ್ಟಿ ತಂಡ 3.7 ಮಿ.ಮೀ. ಉದ್ದದ ಸಿಲಿಕೋನ್ ಪಟ್ಟಿಯಲ್ಲಿ ಕಾಂತದ ಪುಡಿ ಬೆರೆಸಿ, ಹೊರಗಿನಿಂದ ಕಾಂತಕ್ಷೇತ್ರ ತಿರುಗಿಸಿ ಅದನ್ನು ನಡೆಸಿ, ಉರುಳಿಸಿ, ಈಜಿಸಿ, ಜಿಗಿಸಿ ತೋರಿಸಿತು. ಕಷ್ಟ ಎಲ್ಲಿ ಬರುತ್ತದೆಂದರೆ, ಕಾಂತದಿಂದ ದೂರ ಎರಡು ಪಟ್ಟಾದರೆ ಅದರ ಕ್ಷೇತ್ರ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಅಂಗೈ ಮೇಲೆ ಕುಣಿದದ್ದು ಹೊಟ್ಟೆಯ ಆಳದಲ್ಲಿ ಕುಣಿಯಬೇಕಾದರೆ ದೊಡ್ಡ ಕಾಂತ ಬೇಕು. ಕೆಲಸ ಮುಗಿದ ಮೇಲೆ ಹೊರತೆಗೆಯುವುದು ಇನ್ನೊಂದು ರಗಳೆ. ನಮ್ಮಲ್ಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಬರೀಶ್ ಘೋಷ್ ಅವರ ತಂಡ ಸುರುಳಿಯಾಕಾರದ ಸೂಕ್ಷ್ಮ ಕಣಗಳನ್ನು ಕಾಂತದಿಂದ ಹಲ್ಲಿನ ಸಣ್ಣ ಕೊಳವೆಗಳೊಳಗೆ ಕಳಿಸುವ ಕೆಲಸ ಮಾಡಿದೆ. ಅವು ಮೆದುವಲ್ಲ, ಸಿಲಿಕಾದವು.

ಪ್ರಶ್ನೆ: ಅಜ್ಜನ ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿಗೆ ಆಸ್ಪತ್ರೆಯಲ್ಲಿ ಗಾಳಿ ಹೀರುವ ಯಂತ್ರ ಹಾಕಿ ಮನೆಗೆ ಕಳಿಸಿದ್ದಾರೆ. ಇದೂ ರೋಬೋಟೇ? ಮನೆಯಲ್ಲಿ ಏನು ಎಚ್ಚರ ಬೇಕು?
(ಮೊಮ್ಮಗ, ಜಗಳೂರು)

ಉತ್ತರ: ರೋಬೋಟಲ್ಲ, ಆದರೆ ಅದೇ ಕುಲದ್ದು: ಬಲದಿಂದ ಗಾಯ ಮಾಯಿಸುವುದು. ಗಾಯದ ಮೇಲಿನ ಸ್ಪಂಜನ್ನು ಸಾಮಾನ್ಯವಾಗಿ 125 ಮಿ.ಮೀ. ಪಾದರಸದಷ್ಟು ಹೀರಿ ಕುಗ್ಗಿಸುತ್ತಾರೆ. ಸ್ಪಂಜಿನ ರಂಧ್ರಗಳೊಳಗೆ ಗಾಯದ ಮೈ ಚೂರುಚೂರೇ ಎಳೆಯಲ್ಪಡುತ್ತದೆ, ಆ ಎಳೆತಕ್ಕೆ ಕಣಗಳು ಬೆಳೆಯುತ್ತವೆ, ಕೀವುನೀರೂ ಹೊರಹೋಗುತ್ತದೆ.

ನಿಮ್ಮ ಊರಿನ ಕರೆಂಟ್ ಲೆಕ್ಕ ಹಾಕಿ ಹೇಳುವುದಾದರೆ, ಬ್ಯಾಟರಿ ಯಾವಾಗಲೂ ತುಂಬಿಟ್ಟಿರಿ. ಪಂಪು ಎರಡು ಗಂಟೆಗಿಂತ ಹೆಚ್ಚು ನಿಂತರೆ ಆ ಸ್ಪಂಜನ್ನು ಹಾಗೇ ಬಿಡಬಾರದು. ಒಳಗೆ ನಿಂತ ನೀರು ಕೊಳೆಯುತ್ತದೆ. ಆಸ್ಪತ್ರೆಗೆ ಫೋನ್ ಮಾಡಿ ತೆಗೆಸಿ, ಒದ್ದೆ ಗಾಜ್ ಬಟ್ಟೆಯ ಪಟ್ಟಿ ಹಾಕಿಸಿ. ಸೀಟಿ ಹೊಡೆದಂಥ ಸದ್ದು ಬಂದರೆ ಪಾರದರ್ಶಕ ಹಾಳೆಯ ಅಂಚು ಎದ್ದಿದೆ, ಹೆಚ್ಚಾಗಿ ಬೆರಳ ಸಂದಿಯಲ್ಲಿ. ಸ್ಪಂಜು ಮುದುಡಿ ಗಟ್ಟಿಯಾಗಿದ್ದರೆ ಸರಿ, ಉಬ್ಬಿ ಮೆತ್ತಗಿದ್ದರೆ ಹೀರುತ್ತಿಲ್ಲ. ಕೊಳವೆಯಲ್ಲಿ ಕಡು ಕೆಂಪು ರಕ್ತ ಓಡಿದರೆ ಯಂತ್ರ ನಿಲ್ಲಿಸಿ, ಅಂಗೈಯಿಂದ ಗಾಯದ ಮೇಲೆ ಒತ್ತಿ ಹಿಡಿದು ಆಂಬುಲೆನ್ಸ್ ಕರೆಸಿ. ಪಟ್ಟಿ ಬದಲಾವಣೆ 48ರಿಂದ 72 ಗಂಟೆಗೊಮ್ಮೆ. ತೆಗೆದ ಸ್ಪಂಜಿನ ತುಂಡುಗಳನ್ನು ಎಣಿಸಿ, ಹಾಕಿದ್ದಷ್ಟೇ ಬಂದಿದೆಯೇ ನೋಡಲು ಹೇಳಿ. ಒಳಗುಳಿದ ಒಂದು ಚೂರು ಸಾಕು, ಹುಣ್ಣು ತಿಂಗಳುಗಟ್ಟಲೆ ಒಸರುತ್ತದೆ. ಅಜ್ಜ ಆ ಕಾಲಿನ ಮೇಲೆ ಭಾರ ಹಾಕಿ ನಡೆಯುತ್ತಿದ್ದರೆ ಯಾವ ಯಂತ್ರವೂ ಏನೂ ಮಾಡಲಾರದು.

ಪ್ರಶ್ನೆ: ಬಚ್ಚಲಿಗೆ ಬಳಿಯುವ ಸಿಲಿಕೋನ್ ಸೀಲಂಟ್ ಅಗ್ಗ. ಅದರಲ್ಲೇ ಆಕ್ಚುಯೇಟರ್ ಹೊಯ್ಯಬಹುದೇ?
(ಡಿಪ್ಲೊಮಾ ವಿದ್ಯಾರ್ಥಿ, ಹರಿಹರ)

ಉತ್ತರ: ಹೊಯ್ಯಲಾಗದು. ಅದು ಗಾಳಿಯ ತೇವದಿಂದ ಹೊರಗಿನಿಂದ ಒಳಕ್ಕೆ ದಿನಕ್ಕೆ ಎರಡು ಮೂರು ಮಿ.ಮೀ.ನಂತೆ ಗಟ್ಟಿಯಾಗುತ್ತದೆ. ಮುಚ್ಚಿದ ಅಚ್ಚಿನೊಳಗೆ ವಾರ ಕಳೆದರೂ ನಡುವೆ ಹಸಿಯೇ. ಒಣಗುವಾಗ ವಿನೆಗರ್ ವಾಸನೆ ಬರುವ ಬಗೆಯಾದರೆ ಅದು ಅಸಿಟಿಕ್ ಆಮ್ಲ, ಚರ್ಮ ಉರಿಯುತ್ತದೆ, ತಾಮ್ರದ ತಂತಿ ಹಸಿರು ಹಿಡಿಯುತ್ತದೆ. ಗಟ್ಟಿಯಾದ ಮೇಲೂ ಅದಕ್ಕೆ ಇಕೋಫ್ಲೆಕ್ಸ್‌ನ ಹಿಗ್ಗು ಇಲ್ಲ. ಟ್ಯೂಬಿನ ಸುತ್ತ ಸೋರಿಕೆ ಮುಚ್ಚಲು ಹೊರಗಿನಿಂದ ಒಂದು ಬಳಿ ಹಚ್ಚಿ, ಒಂದು ರಾತ್ರಿ ಬಿಡಿ. ಅಷ್ಟಕ್ಕೆ ಅದು ಚೆನ್ನಾಗಿದೆ.